ಮಳೆಗಾಲದ ಮಂಗಳೂರಿನಲ್ಲಿ ಪೆರೋವ್‌ಸ್ಕೈಟ್: ಡೋಪಿಂಗ್ ಪ್ರಾಜೆಕ್ಟ್ ಮುಗಿಸಿದ ಅನುಭವ

ಹೋದ ವಾರ ವೈವಾ ಮುಗಿಯಿತು. ಎಂಎಸ್ಸಿ ಫಿಸಿಕ್ಸ್ ಪ್ರಾಜೆಕ್ಟ್. ಲ್ಯಾಂಥನಮ್ ಮ್ಯಾಂಗನೈಟ್ ಎಂಬ ಪೆರೋವ್‌ಸ್ಕೈಟ್ ಆಕ್ಸೈಡ್‌ಗೆ ಸ್ವಲ್ಪ ಸ್ವಲ್ಪವೇ ಸ್ಟ್ರಾನ್ಷಿಯಂ ಸೇರಿಸುತ್ತಾ ಹೋದರೆ ಅದರ ವಿದ್ಯುತ್ ವಾಹಕತೆ ಹೇಗೆ ಬದಲಾಗುತ್ತದೆ ಅಂತ ನೋಡುವುದು ನನ್ನ ಕೆಲಸವಾಗಿತ್ತು. ಹೀಗೆ ಬೇರೆ ಧಾತು ಬೆರೆಸುವುದಕ್ಕೇ ಡೋಪಿಂಗ್ ಅನ್ನುವುದು. ಸಿನಾಪ್ಸಿಸ್‌ನಲ್ಲಿ ಇದು ಎರಡೇ ಸಾಲು. ಮೇ ತಿಂಗಳ ಸೆಕೆಯಲ್ಲಿ ಶುರು ಮಾಡಿದ್ದು, ಇಡೀ ಮಳೆಗಾಲ ಅದರಲ್ಲೇ ಹೋಯಿತು.

ಕೊಣಾಜೆ, ಸುರತ್ಕಲ್, ಮಣಿಪಾಲ ಕಡೆಯ ಕ್ಯಾಂಪಸ್‌ಗಳಲ್ಲಿ ಇಂಥ ವಿಷಯ ತೆಗೆದುಕೊಳ್ಳುವವರು ಇದ್ದೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡೋಪಿಂಗ್ ಮಾಡಿದರೆ ವಾಹಕತೆ ಬದಲಾಗುತ್ತದೆ, ಅದು ಎಲ್ಲ ಪುಸ್ತಕದಲ್ಲೂ ಉಂಟು. ಆದರೆ ಮೀಟರ್‌ನಲ್ಲಿ ಕಂಡ ಬದಲಾವಣೆ ಡೋಪಿಂಗ್‌ನಿಂದಲೇ ಬಂತು ಅಂತ ಎದೆ ತಟ್ಟಿ ಹೇಳಬೇಕಾದರೆ ತೇವ, ತೂಕ, ರಂಧ್ರ, ಆಕ್ಸಿಜನ್, ಕಾಂಟ್ಯಾಕ್ಟ್ ಎಲ್ಲದಕ್ಕೂ ಲೆಕ್ಕ ಕೊಡಬೇಕು. ನನ್ನ ಸಮಯ ಹೋದದ್ದೆಲ್ಲ ಆ ಲೆಕ್ಕಕ್ಕೇ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಪೆರೋವ್‌ಸ್ಕೈಟ್ ಅನ್ನುವುದು ಒಂದು ಖನಿಜದ ಹೆಸರು, ಕ್ಯಾಲ್ಸಿಯಂ ಟೈಟನೇಟ್. 1839ರಲ್ಲಿ ಗುಸ್ತಾವ್ ರೋಸ್ ಎಂಬವರು ರಷ್ಯದ ಯುರಾಲ್ ಪರ್ವತದಿಂದ ಬಂದ ಮಾದರಿಯಲ್ಲಿ ಅದನ್ನು ಗುರುತಿಸಿ, ಲೆವ್ ಪೆರೋವ್‌ಸ್ಕಿ ಅವರ ಹೆಸರಿಟ್ಟರು. ಈಗ ಅದೇ ರಚನೆ ಇರುವ ಎಲ್ಲ ವಸ್ತುಗಳಿಗೂ ಆ ಹೆಸರೇ. ಎ ಜಾಗದಲ್ಲಿ ಒಂದು ದೊಡ್ಡ ಅಯಾನು, ಬಿ ಜಾಗದಲ್ಲಿ ಒಂದು ಚಿಕ್ಕ ಲೋಹದ ಅಯಾನು, ಅದರ ಸುತ್ತ ಆರು ಆಕ್ಸಿಜನ್. ನನ್ನ ವಸ್ತುವಿನಲ್ಲಿ ಎ ಜಾಗದಲ್ಲಿ ಲ್ಯಾಂಥನಮ್, ಬಿ ಜಾಗದಲ್ಲಿ ಮ್ಯಾಂಗನೀಸ್. ಪೆರೋವ್‌ಸ್ಕೈಟ್ ಅಂದ ಕೂಡಲೇ ಎಲ್ಲರೂ ಸೋಲಾರ್ ಸೆಲ್ಲಾ ಅಂತ ಕೇಳುತ್ತಾರೆ. ಅದು ಹೆಚ್ಚಾಗಿ ಸೀಸ ಮತ್ತು ಅಯೋಡಿನ್ ಇರುವ ಬೇರೆ ಬಳಗ. ಇಲ್ಲಿ ಹೇಳುತ್ತಿರುವುದು ಆಕ್ಸೈಡ್‌ಗಳ ಬಗ್ಗೆ.

ಲ್ಯಾಂಥನಮ್ ಇಲ್ಲಿ ಯಾವಾಗಲೂ 3+, ಅಂದರೆ ಮೂರು ಧನ ಚಾರ್ಜ್; ಮೂರು ಆಕ್ಸಿಜನ್‌ಗಳದ್ದು ಒಟ್ಟು ಆರು ಋಣ ಚಾರ್ಜ್. ಹಾಗಾಗಿ ಮ್ಯಾಂಗನೀಸ್ ಕೂಡ 3+ ಆಗಿರುತ್ತದೆ. ಲ್ಯಾಂಥನಮ್ ಜಾಗದಲ್ಲಿ 2+ ಇರುವ ಸ್ಟ್ರಾನ್ಷಿಯಂ ಕೂತರೆ ಒಂದು ಚಾರ್ಜ್ ಕಡಿಮೆ ಬೀಳುತ್ತದೆ. ಅದನ್ನು ತುಂಬಿಕೊಡಲು ಒಂದು ಮ್ಯಾಂಗನೀಸ್ 4+ ಆಗಿಬಿಡುತ್ತದೆ. ಆ 4+ ಇರುವಲ್ಲಿ ಒಂದು ಎಲೆಕ್ಟ್ರಾನ್ ಕಡಿಮೆ, ಅಂದರೆ ಒಂದು ಹೋಲ್. ಪಕ್ಕದ 3+ ಮ್ಯಾಂಗನೀಸ್‌ನ ಎಲೆಕ್ಟ್ರಾನ್ ನಡುವಿನ ಆಕ್ಸಿಜನ್ ಮೂಲಕ ಅಲ್ಲಿಗೆ ಹಾರಬಹುದು. ಬೆಳಿಗ್ಗೆ ತುಂಬಿದ ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ಯಾರೂ ಅಲ್ಲಾಡಲಿಕ್ಕಾಗುವುದಿಲ್ಲ, ಒಬ್ಬರು ಇಳಿದರೆ ಆ ಖಾಲಿ ಜಾಗ ಮುಂದಿನಿಂದ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ, ಹಾಗೆ. ಸಿಲಿಕಾನ್‌ನಲ್ಲಿ ಹತ್ತು ಲಕ್ಷ ಪರಮಾಣುಗಳ ನಡುವೆ ಒಂದು ಡೋಪೆಂಟ್ ಇದ್ದರೂ ಸಾಕು. ಇಲ್ಲಿ ಲ್ಯಾಂಥನಮ್‌ನ 10, 20, 30 ಪರ್ಸೆಂಟ್ ಬದಲಿಸುತ್ತೇವೆ. ಸುಮಾರು 17 ಪರ್ಸೆಂಟ್ ದಾಟಿದ ಮೇಲೆ ಕಡಿಮೆ ಉಷ್ಣತೆಯಲ್ಲಿ ಈ ವಸ್ತು ಇನ್ಸುಲೇಟರ್ ಆಗಿ ಉಳಿಯದೆ ಲೋಹದಂತೆ ವರ್ತಿಸಲು ಶುರು ಮಾಡುತ್ತದೆ. ಇದನ್ನು 1950ರಲ್ಲೇ ಯೋಂಕರ್ ಮತ್ತು ವಾನ್ ಸಾಂಟೆನ್ ನೆದರ್‌ಲ್ಯಾಂಡ್ಸ್‌ನಲ್ಲಿ ಗಮನಿಸಿದ್ದರು. ಮರುವರ್ಷ ಜೀನರ್ ಅದಕ್ಕೆ ಡಬಲ್ ಎಕ್ಸ್‌ಚೇಂಜ್ ಎಂಬ ವಿವರಣೆ ಕೊಟ್ಟರು, ಅದು ಏನು ಅಂತ ಮುಂದೆ ಹೇಳುತ್ತೇನೆ. ನಾನು ಆರಿಸಿಕೊಂಡದ್ದು ನಾಲ್ಕು ಮಿಶ್ರಣ: ಸ್ಟ್ರಾನ್ಷಿಯಂ ಇಲ್ಲದ್ದು, 10, 20 ಮತ್ತು 30 ಪರ್ಸೆಂಟ್‌ನದ್ದು.

ವಿಷಯ ಆರಿಸುವಾಗ ನಿಮ್ಮ ಲ್ಯಾಬ್‌ನ ಫರ್ನೇಸ್ ನೋಡಿ ಆರಿಸಿ. ನಮ್ಮಲ್ಲಿ ಗಾಳಿಯಲ್ಲಿ ಸುಡುವ ಫರ್ನೇಸ್ ಮಾತ್ರ ಇತ್ತು. ಅದಕ್ಕೆ ಮ್ಯಾಂಗನೈಟ್, ಕ್ರೋಮೈಟ್, ಫೆರೈಟ್, ಕೋಬಾಲ್ಟೈಟ್ ಆಗುತ್ತದೆ. ನನ್ನ ಸ್ನೇಹಿತೆಗೆ ಸ್ಟ್ರಾನ್ಷಿಯಂ ಟೈಟನೇಟ್‌ಗೆ ಲ್ಯಾಂಥನಮ್ ಹಾಕುವ ಆಸೆ ಇತ್ತು. ಅಲ್ಲಿ ಕತೆ ಉಲ್ಟಾ, ಡೋಪೆಂಟ್ ಎಲೆಕ್ಟ್ರಾನ್ ಕೊಡುತ್ತದೆ. ಆದರೆ ಗಾಳಿಯಲ್ಲಿ ಸುಟ್ಟರೆ ಆ ಹೆಚ್ಚಿನ ಚಾರ್ಜನ್ನು ಸ್ಟ್ರಾನ್ಷಿಯಂ ಖಾಲಿಜಾಗಗಳು ಸರಿದೂಗಿಸಿಬಿಡುತ್ತವೆ, ಎಲೆಕ್ಟ್ರಾನ್ ಓಡಾಡಲು ಉಳಿಯುವುದೇ ಇಲ್ಲ. ಹೈಡ್ರೋಜನ್ ಬೆರೆಸಿದ ಅನಿಲದಲ್ಲಿ ಸುಡಬೇಕು. ಆ ಸೌಕರ್ಯ ಇಲ್ಲದ್ದರಿಂದ ಅವಳು ವಿಷಯ ಬದಲಿಸಿಕೊಂಡಳು. ಇನ್ನು ಕೆಲವು ಪೆರೋವ್‌ಸ್ಕೈಟ್‌ಗಳಲ್ಲಿ ಡೋಪಿಂಗ್‌ನಿಂದ ಆಕ್ಸಿಜನ್ ಖಾಲಿಜಾಗ ಹುಟ್ಟಿ, ಎಲೆಕ್ಟ್ರಾನ್ ಬದಲು ಆಕ್ಸಿಜನ್ ಅಯಾನೇ ಓಡಾಡುತ್ತದೆ. ಸ್ಟ್ರಾನ್ಷಿಯಂ ಮತ್ತು ಮೆಗ್ನೀಷಿಯಂ ಹಾಕಿದ ಲ್ಯಾಂಥನಮ್ ಗ್ಯಾಲೇಟ್ ಅಂಥದ್ದು. ಯಿಟ್ರಿಯಂ ಹಾಕಿದ ಬೇರಿಯಂ ಜಿರ್ಕೊನೇಟ್‌ನಲ್ಲಿ ನೀರಾವಿ ಸೇರಿ ಪ್ರೋಟಾನ್ ಓಡುತ್ತದೆ. ಅವನ್ನು ಅಳೆಯಲು ಎಸಿ ಕರೆಂಟ್‌ನಲ್ಲಿ ರೋಧ ನೋಡುವ ಇಂಪಿಡೆನ್ಸ್ ಅನಲೈಸರ್ ಬೇಕು. ಏನು ಓಡುತ್ತದೆ ಅಂತ ಗೊತ್ತಿಲ್ಲದೆ ಯಾವ ಉಪಕರಣ ಅಂತ ತೀರ್ಮಾನ ಮಾಡಲಿಕ್ಕಾಗುವುದಿಲ್ಲ ಅಲ್ವಾ?

ಕೆಮಿಕಲ್ ತರಿಸುವುದು ಮೊದಲ ಕಾಯುವಿಕೆ. ಮೂರು ಕಡೆಯಿಂದ ಕೊಟೇಶನ್, ಅದನ್ನು ಹೋಲಿಸಿದ ಪಟ್ಟಿ, ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ನಂತರ ಅಕೌಂಟ್ಸ್. ಯಾರಾದರೂ ರಜೆಯಲ್ಲಿದ್ದರೆ ಫೈಲ್ ಅಲ್ಲೇ ಮಲಗುತ್ತದೆ. ಬೇಕಾದದ್ದು ಮೂರೇ ಪುಡಿ: ಲ್ಯಾಂಥನಮ್ ಆಕ್ಸೈಡ್, ಸ್ಟ್ರಾನ್ಷಿಯಂ ಕಾರ್ಬೊನೇಟ್, ಮ್ಯಾಂಗನೀಸ್ ಡೈಆಕ್ಸೈಡ್. ಮೂರೂ 99.9 ಶುದ್ಧತೆಯದ್ದು ತೆಗೆದುಕೊಳ್ಳಿ. ಕಡಿಮೆ ಶುದ್ಧತೆಯ ಪುಡಿಯಲ್ಲಿ ನಮಗೆ ಗೊತ್ತಿಲ್ಲದ ಬೇರೆ ಡೋಪೆಂಟ್ ಮೊದಲೇ ಇರುತ್ತದೆ. ಅಗೇಟ್ ಖಲ್ವ, ಅಲ್ಯುಮಿನಾ ಕ್ರೂಸಿಬಲ್, ಸಿಲ್ವರ್ ಪೇಸ್ಟ್ ಇವೂ ಅದೇ ಆರ್ಡರ್‌ನಲ್ಲಿ ಸೇರಲಿ. ಪೇಸ್ಟ್ ಚಿಕ್ಕ ಬಾಟಲಿಗೇ ಸಾವಿರದ ಲೆಕ್ಕದಲ್ಲಿ ಬೆಲೆ. ನಂತರ ಬೇರೆಯಾಗಿ ತರಿಸಿದರೆ ಇಡೀ ಫೈಲ್ ಮತ್ತೆ ಮೊದಲಿನಿಂದ.

ಪುಡಿ ಬಂದಾಗ ಮಳೆಯೂ ಬಂತು. ಇಲ್ಲಿ ನಿಜವಾದ ತಲೆನೋವು ಶುರು.

ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವವನ್ನು ಹೀರಿಕೊಂಡು ಹೈಡ್ರಾಕ್ಸೈಡ್ ಆಗುತ್ತದೆ. ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ. ಪೂರ್ತಿ ಹೈಡ್ರಾಕ್ಸೈಡ್ ಆದ ಪುಡಿಯ ತೂಕದಲ್ಲಿ ಸುಮಾರು 14 ಪರ್ಸೆಂಟ್ ನೀರು. ಬಣ್ಣ ಮೊದಲೂ ಬಿಳಿ, ಆಮೇಲೂ ಬಿಳಿ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಲೆಕ್ಕ ನೋಡಿ: 30 ಪರ್ಸೆಂಟ್ ಸ್ಟ್ರಾನ್ಷಿಯಂ ಇರುವ ಮಿಶ್ರಣ 5 ಗ್ರಾಂ ಮಾಡಲು 2.518 ಗ್ರಾಂ ಲ್ಯಾಂಥನಮ್ ಆಕ್ಸೈಡ್, 0.978 ಗ್ರಾಂ ಸ್ಟ್ರಾನ್ಷಿಯಂ ಕಾರ್ಬೊನೇಟ್, 1.920 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಬೇಕು. ಆ 2.518ರಲ್ಲಿ ಏಳನೇ ಒಂದು ಪಾಲು ನೀರಾಗಿದ್ದರೆ ಲ್ಯಾಂಥನಮ್ ಅಷ್ಟು ಕಡಿಮೆ ಬಿತ್ತು. ಆಗ ನೀವು 30 ಅಂತ ಲೇಬಲ್ ಹಚ್ಚಿದ್ದು ನಿಜವಾಗಿ 30 ಅಲ್ಲವೇ ಅಲ್ಲ. ಜೊತೆಗೆ ಮ್ಯಾಂಗನೀಸ್ ಆಕ್ಸೈಡ್ ಬೇರೆಯಾಗಿ ಉಳಿಯುತ್ತದೆ.

ನಮ್ಮ ಗೈಡ್ ಇದರಲ್ಲಿ ತುಂಬಾ ಕಟ್ಟುನಿಟ್ಟು. ತೂಗುವ ಮೊದಲು ಲ್ಯಾಂಥನಮ್ ಆಕ್ಸೈಡನ್ನು 1000 ಡಿಗ್ರಿಯಲ್ಲಿ ಕೆಲವು ಗಂಟೆ ಸುಟ್ಟು, ಇನ್ನೂ ಬಿಸಿ ಇರುವಾಗಲೇ ಡೆಸಿಕೇಟರ್‌ಗೆ (ತೇವ ಸೇರದ ಗಾಜಿನ ಪಾತ್ರೆ) ಹಾಕಿ, ತಣಿದ ಕೂಡಲೇ ತೂಗಬೇಕು. ಮೊದಲ ಸಲ ಬ್ಯಾಲೆನ್ಸ್ ಮುಂದೆ ಕೂತಾಗ ಈ ಕಟ್ಟುನಿಟ್ಟು ಯಾಕೆ ಅಂತ ಕಣ್ಣಾರೆ ಕಂಡಿತು. ಹೊರಗೆ ಧೋ ಅಂತ ಮಳೆ. ಗಾಜಿನ ಬಾಗಿಲು ಮುಚ್ಚಿದ್ದೇನೆ, ಪುಡಿ ಹಾಕುವುದು ನಿಲ್ಲಿಸಿದ್ದೇನೆ. ಆದರೂ ನಾಲ್ಕನೇ ದಶಮಾಂಶ ನಿಲ್ಲುತ್ತಿಲ್ಲ. 2.5181, 2.5183, 2.5186... ಒಂದೇ ದಿಕ್ಕಿಗೆ ಏರುತ್ತಾ ಇದೆ. ನನ್ನ ಕಣ್ಣೆದುರೇ ಪುಡಿ ನೀರು ಕುಡಿಯುತ್ತಿತ್ತು. ಅವತ್ತಿನಿಂದ ಲ್ಯಾಂಥನಮ್ ಆಕ್ಸೈಡನ್ನು ಕೊನೆಗೆ ತೂಗುವ ಅಭ್ಯಾಸ ಮಾಡಿಕೊಂಡೆ: ಉಳಿದೆರಡನ್ನು ಮೊದಲೇ ತೂಗಿ ಖಲ್ವದಲ್ಲಿಟ್ಟು, ಇದನ್ನು ಡೆಸಿಕೇಟರ್‌ನಿಂದ ತೆಗೆದ ಕೂಡಲೇ ತೂಗಿ ಅದಕ್ಕೆ ಸುರಿಯುವುದು. ಡೆಸಿಕೇಟರ್‌ನ ಸಿಲಿಕಾ ಜೆಲ್ ಆಟಿ ತಿಂಗಳ ಜೋರು ಮಳೆಯಲ್ಲಿ ನೋಡನೋಡುತ್ತಿದ್ದಂತೆ ಬಣ್ಣ ಬಿಡುತ್ತದೆ. ಓವನ್‌ನಲ್ಲಿ ಒಣಗಿಸಿ ಮತ್ತೆ ಮತ್ತೆ ಬಳಸಿ. ಏರ್ ಕಂಡೀಷನರ್ ಇರುವ ಕೋಣೆ ಸಿಕ್ಕರೆ ಬ್ಯಾಲೆನ್ಸ್ ಅಲ್ಲಿಗೆ ಸಾಗಿಸಲು ಅನುಮತಿ ಕೇಳಿ. ಬಯಲುಸೀಮೆಯ ಲ್ಯಾಬ್‌ನವರು ಬರೆದ ವಿಧಾನದಲ್ಲಿ ಇದಕ್ಕೆ ಅರ್ಧ ಸಾಲು ಇರುತ್ತದೆ. ನಮ್ಮ ಊರಿನಲ್ಲಿ ಇದೇ ಅರ್ಧ ಕೆಲಸ.

ಮೂರೂ ಪುಡಿಯನ್ನು ಅಸಿಟೋನ್ ಹಾಕಿ ಅರೆಯುವುದು. ಕೈ ನೋಯುತ್ತದೆ, ಬೇರೆ ದಾರಿ ಇಲ್ಲ. ನಂತರ 1000 ಡಿಗ್ರಿಯಲ್ಲಿ ಸುಡುವುದು, ಮತ್ತೆ ಅರೆಯುವುದು, 1200ರಲ್ಲಿ ಮತ್ತೆ ಸುಡುವುದು. ಮಧ್ಯೆ ಅರೆಯದಿದ್ದರೆ ಕಣಗಳು ಒಂದರೊಳಗೊಂದು ಬೆರೆಯುವುದಿಲ್ಲ. ಕಂದುಗಪ್ಪಾಗಿ ಹೋದದ್ದು ಕಡುಗಪ್ಪಾಗಿ ಹೊರಬರುತ್ತದೆ.

ಫರ್ನೇಸ್‌ಗೆ ಸರದಿ. ರಿಸರ್ಚ್ ಸ್ಕಾಲರ್‌ಗಳಿಗೆ ಆದ್ಯತೆ, ನಮಗೆ ವಾರಾಂತ್ಯ. ಅದರಲ್ಲೂ ಗುಡುಗು ಬಂದರೆ ಕರೆಂಟ್ ಹೋಗುತ್ತದೆ. ರಾತ್ರಿ ಇಟ್ಟು ಬಂದದ್ದು ಬೆಳಿಗ್ಗೆ ನೋಡಿದರೆ ಫರ್ನೇಸ್ ತಣ್ಣಗೆ, ಕಂಟ್ರೋಲರ್‌ನಲ್ಲಿ ಸೊನ್ನೆ ಮಿನುಗುತ್ತಿತ್ತು. ಎಷ್ಟು ಹೊತ್ತು 1200ರಲ್ಲಿ ಇತ್ತು ಅಂತ ಹೇಳಲು ಯಾವ ದಾರಿಯೂ ಇಲ್ಲ. ಅಳು ಬರುವಷ್ಟು ಬೇಸರವಾಯಿತು. ಆ ಬ್ಯಾಚನ್ನು ಮತ್ತೆ ಅರೆದು ಮತ್ತೆ ಸುಟ್ಟೆವು. ಬರೇ ಪುಡಿ ಸುಡುವ ಹಂತ (ಕ್ಯಾಲ್ಸಿನೇಷನ್) ಆದ್ದರಿಂದ ನಷ್ಟ ಆಗಲಿಲ್ಲ. ಆದರೆ ಪುಡಿ ಒತ್ತಿ ಮಾಡಿದ ಬಿಲ್ಲೆಗಳನ್ನು (ಪೆಲೆಟ್) ಸುಟ್ಟು ಗಟ್ಟಿ ಮಾಡುವ ಕೊನೆಯ ಸಿಂಟರಿಂಗ್‌ನಲ್ಲಿ ಹೀಗಾದರೆ ಆಕ್ಸಿಜನ್ ಪ್ರಮಾಣವೇ ಬೇರೆಯಾಗಿಬಿಡುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ನಾಲ್ಕೂ ಮಿಶ್ರಣದ ಪೆಲೆಟ್‌ಗಳನ್ನು ಒಂದೇ ಸಲಕ್ಕೆ, ಒಂದೇ ಫರ್ನೇಸ್‌ನಲ್ಲಿ ಸಿಂಟರ್ ಮಾಡಿ. ಏನೇ ಏರುಪೇರಾದರೂ ನಾಲ್ಕಕ್ಕೂ ಒಂದೇ ಥರ ಆಗಲಿ.

ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿ ಮಾಡಿಸಲು ಹೊರಗಿನ ಊರಿಗೆ ಸ್ಯಾಂಪಲ್ ಕಳಿಸಬೇಕಾಯಿತು. ಹಣ ಒಂದು ಸ್ಯಾಂಪಲ್‌ಗೆ ಐನೂರರ ಆಸುಪಾಸು, ಮೇಲೆ ಜಿಎಸ್‌ಟಿ. ಕಾಗದಗಳು ಇವು: ಅವರ ಫಾರ್ಮ್, ಗೈಡ್ ಸಹಿ ಮತ್ತು ಸೀಲ್ ಇರುವ ವಿನಂತಿ ಪತ್ರ, ವಿದ್ಯಾರ್ಥಿ ಗುರುತಿನ ಚೀಟಿ, ಹಣ ಕಟ್ಟಿದ ರಸೀದಿ. ವಿದ್ಯಾರ್ಥಿ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಕಂಪನಿಗಳ ದರ ಹಾಕುತ್ತಾರೆ, ನೋಡಿಕೊಳ್ಳಿ. ನಾನು ಊಹಿಸದ ತೊಡಕು ಬಂದದ್ದು ಕೊರಿಯರ್ ಅಂಗಡಿಯಲ್ಲಿ. ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಪ್ಪು ಪುಡಿ, ಮೇಲೆ ಬರೇ ಕೋಡ್. ಇದೆಂತದು, ಪುಡಿ ಎಲ್ಲ ತೆಗೆದುಕೊಳ್ಳುವುದಿಲ್ಲ ಅಂದರು. ವಾಪಸ್ ಬಂದು ವಿಭಾಗದ ಲೆಟರ್‌ಹೆಡ್‌ನಲ್ಲಿ ಇದು ಸೆರಾಮಿಕ್ ಪುಡಿ, ಬೆಂಕಿ ಹಿಡಿಯುವುದಿಲ್ಲ, ವಿಷವಲ್ಲದ ಶೈಕ್ಷಣಿಕ ಮಾದರಿ, ಮಾರಾಟದ ಬೆಲೆ ಇಲ್ಲ ಅಂತ ಬರೆಸಿ ಸೀಲ್ ಹಾಕಿಸಿಕೊಂಡು ಹೋಗಬೇಕಾಯಿತು. ಆ ಪತ್ರವನ್ನು ಮೊದಲೇ ಮಾಡಿಟ್ಟುಕೊಳ್ಳಿ.

ರಿಸಲ್ಟ್ ಬರಲು ವಾರಗಟ್ಟಲೆ ಹಿಡಿಯಿತು. ಬಂದಾಗ ಸಮಾಧಾನ. 32ರಿಂದ 33 ಡಿಗ್ರಿ ಕೋನದ ನಡುವೆ ದೊಡ್ಡ ಪೀಕ್, ಬೇಡದ ಪೀಕ್‌ಗಳು ಕಾಣಲಿಲ್ಲ. ತಾಮ್ರದಿಂದ ಹೊರಡುವ ಎಕ್ಸ್‌ರೇಗೆ ಮ್ಯಾಂಗನೀಸ್ ತಾನೇ ಹೊಳೆದು ಹಿನ್ನೆಲೆ ಎತ್ತರ ಮಾಡುತ್ತದೆ, ಅದಕ್ಕಾಗಿ ಸ್ಕ್ಯಾನ್ ನಿಧಾನ ಮಾಡಲು ಫಾರ್ಮ್‌ನಲ್ಲೇ ಬರೆಯಿರಿ. ಇಲ್ಲದಿದ್ದರೆ ಚಿಕ್ಕ ಪೀಕ್‌ಗಳು ಅದರಲ್ಲಿ ಮುಳುಗಿಹೋಗುತ್ತವೆ.

ಆದರೆ ಒಂದು ಗೊಂದಲ. ಸ್ಟ್ರಾನ್ಷಿಯಂ ಇಲ್ಲದ ಶುದ್ಧ ಲ್ಯಾಂಥನಮ್ ಮ್ಯಾಂಗನೈಟ್ ಆರ್ಥೋರಾಂಬಿಕ್ ಇರಬೇಕು ಅಂತ ಪುಸ್ತಕ ಹೇಳುತ್ತದೆ. ನನ್ನದು ರಾಂಬೋಹೆಡ್ರಲ್ ಎಂಬ ಬೇರೆ ಹರಳು ರೂಪದಲ್ಲಿ ಬಂತು. ವಾಹಕತೆಯೂ ಅಂದುಕೊಂಡದ್ದಕ್ಕಿಂತ ಜಾಸ್ತಿ. ಗೈಡ್ ನೋಡಿ ನಕ್ಕರು. ಗಾಳಿಯಲ್ಲಿ ಮಾಡಿದ ಲ್ಯಾಂಥನಮ್ ಮ್ಯಾಂಗನೈಟ್ ತನ್ನನ್ನು ತಾನೇ ಡೋಪ್ ಮಾಡಿಕೊಳ್ಳುತ್ತದೆ ಅಂದರು. ಅದು ಹೀಗೆ. ಬರೆಯುವಾಗ ಆಕ್ಸಿಜನ್ 3ಕ್ಕಿಂತ ಜಾಸ್ತಿ ಅಂತ ಬರೆಯುತ್ತಾರೆ. ನಿಜದಲ್ಲಿ ಪೆರೋವ್‌ಸ್ಕೈಟ್ ಒಳಗೆ ಹೆಚ್ಚಿನ ಆಕ್ಸಿಜನ್‌ಗೆ ಜಾಗ ಇಲ್ಲ. ಲ್ಯಾಂಥನಮ್ ಮತ್ತು ಮ್ಯಾಂಗನೀಸ್ ಜಾಗಗಳೇ ಅಲ್ಲಲ್ಲಿ ಖಾಲಿ ಬೀಳುತ್ತವೆ. ಆಗ ಚಾರ್ಜ್ ಸರಿಹೋಗಲು ಮ್ಯಾಂಗನೀಸ್ 4+ ಹುಟ್ಟುತ್ತದೆ, ಒಂದು ಚಿಟಿಕೆ ಸ್ಟ್ರಾನ್ಷಿಯಂ ಹಾಕದೆಯೂ. ಆಕ್ಸಿಜನ್ 3.15 ಇದ್ದರೆ 30 ಪರ್ಸೆಂಟ್ ಮ್ಯಾಂಗನೀಸ್ 4+ ಆಗಿರುತ್ತದೆ. ಯಾವ ಉಷ್ಣತೆಯಲ್ಲಿ ಸುಟ್ಟೆ, ಎಷ್ಟು ನಿಧಾನ ತಣಿಸಿದೆ ಅನ್ನುವುದರ ಮೇಲೆ ಅದು ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ಸೊನ್ನೆ ಅಂತ ಲೇಬಲ್ ಇರುವ ಸ್ಯಾಂಪಲ್ ಸೊನ್ನೆಯಿಂದ ಶುರುವಾಗುವುದೇ ಇಲ್ಲ. ಕರೆಂಟ್ ಹೋಗುವುದರ ಭಯ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇದನ್ನು ಅಳೆಯಲು ದೊಡ್ಡ ಉಪಕರಣ ಬೇಡ. ಕೆಮಿಸ್ಟ್ರಿ ವಿಭಾಗದವರು ಒಂದು ಮಧ್ಯಾಹ್ನ ಬ್ಯುರೆಟ್ ಕೊಟ್ಟರು. 50 ಮಿಲಿಗ್ರಾಂ ಪುಡಿಯನ್ನು ಪೊಟ್ಯಾಷಿಯಂ ಅಯೊಡೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಬೇಕು. ಮುಚ್ಚಳ ಇರುವ ಫ್ಲಾಸ್ಕ್ ಇರಲಿ, ಗಾಳಿ ತಾಗಿದರೆ ಅಯೊಡೈಡ್ ಸುಮ್ನೆ ಅಯೋಡಿನ್ ಆಗುತ್ತದೆ. 3+ ಮ್ಯಾಂಗನೀಸ್ ಒಂದು ಪಾಲು, 4+ ಎರಡು ಪಾಲು ಅಯೋಡಿನ್ ಬಿಡಿಸುತ್ತದೆ. ಅದನ್ನು ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡುವುದು. ಕಂದು ಬಣ್ಣ ತಿಳಿ ಹಳದಿಗೆ ಬಂದಾಗ ಸ್ಟಾರ್ಚ್ ಹಾಕಿದರೆ ಕಡುನೀಲಿ. ಇನ್ನೊಂದೊಂದೇ ಹನಿ ಬಿಡುತ್ತಾ ಹೋದರೆ ಒಂದು ಹನಿಗೆ ನೀಲಿ ಪೂರ್ತಿ ಮಾಯ. 0.01 ಮೋಲಾರ್ ದ್ರಾವಣವಾದರೆ, ಎಲ್ಲ ಮ್ಯಾಂಗನೀಸ್ 3+ ಇದ್ದಾಗ ಸುಮಾರು 20.7 ಮಿಲಿಲೀಟರ್ ಬೇಕು. 30 ಪರ್ಸೆಂಟ್ 4+ ಇದ್ದರೆ ಸುಮಾರು 26.6. ನಮ್ಮ ಸೊನ್ನೆ ಸ್ಯಾಂಪಲ್ ಈ ಎರಡರ ನಡುವೆ ಬಂತು. ಪಿಯುಸಿಯಲ್ಲಿ ಮಾಡಿದಂಥ ಟೈಟ್ರೇಷನ್, ಖರ್ಚು ಇಲ್ಲವೆಂದರೂ ನಡೆಯುತ್ತದೆ, ಆದರೆ ಇಡೀ ಥೀಸಿಸ್‌ನ ಗ್ರಾಫ್‌ಗಳಿಗೆ ಅರ್ಥ ಕೊಟ್ಟದ್ದು ಅದೇ. ಅದರ ನಂತರ ನಾನು ಎಕ್ಸ್-ಆಕ್ಸಿಸ್‌ನಲ್ಲಿ ಸ್ಟ್ರಾನ್ಷಿಯಂ ಎಷ್ಟು ಅಂತ ಹಾಕುವ ಜೊತೆಗೆ, ಅಳೆದ 4+ ಮ್ಯಾಂಗನೀಸ್ ಎಷ್ಟು ಅಂತಲೂ ಇನ್ನೊಂದು ಗ್ರಾಫ್ ಹಾಕಿದೆ.

ಒಂದು ಮಾತು ನೆನಪಿಡಿ. 4+ ಅಷ್ಟೇ ಇದ್ದರೂ ಎರಡು ದಾರಿಯ ಡೋಪಿಂಗ್ ಒಂದೇ ಫಲ ಕೊಡುವುದಿಲ್ಲ. ಸ್ಟ್ರಾನ್ಷಿಯಂ ಹಾಕಿದಾಗ ಮ್ಯಾಂಗನೀಸ್-ಆಕ್ಸಿಜನ್ ಸರಪಳಿ ಹಾಗೇ ಉಳಿಯುತ್ತದೆ. ಖಾಲಿಜಾಗದಿಂದ ಬಂದಾಗ ಸರಪಳಿಯೇ ಅಲ್ಲಲ್ಲಿ ತುಂಡಾಗುತ್ತದೆ. ಹೋಲ್ ಇದ್ದರೂ ಹೋಗಲು ದಾರಿ ಕಡಿಮೆ.

ಪೆಲೆಟ್ ಮಾಡುವುದು ಸುಲಭ ಅಂತ ಕಾಣುತ್ತದೆ. ಪಿವಿಎ ಅಂಟಿನ ತೆಳು ದ್ರಾವಣ ಎರಡು ಹನಿ, 10 ಮಿಲಿಮೀಟರ್ ಅಚ್ಚು (ಡೈ), ಪ್ರೆಸ್. ಒತ್ತಡ ಜಾಸ್ತಿ ಕೊಟ್ಟರೆ ಪೆಲೆಟ್‌ನ ಮೇಲ್ಪದರ ಟೋಪಿಯಂತೆ ಎದ್ದು ಬರುತ್ತದೆ. ಬಿಡಿಸುವಾಗ ನಿಧಾನವಾಗಿ ಬಿಡಿಸಿ. ಸಿಂಟರಿಂಗ್‌ನಲ್ಲಿ 500-600 ಡಿಗ್ರಿವರೆಗೆ ನಿಧಾನ ಏರಿಸಿ, ಅಂಟು ಸುಟ್ಟು ಹೋಗಲಿ.

1200 ಡಿಗ್ರಿಯಲ್ಲಿ ಸಿಂಟರ್ ಮಾಡಿದ ಪೆಲೆಟ್‌ಗಳ ಮೇಲೆ ಮೊದಲ ಅಳತೆ ಮಾಡಿದಾಗ 30 ಪರ್ಸೆಂಟ್‌ನದ್ದು 20 ಪರ್ಸೆಂಟ್‌ಗಿಂತ ಕಡಿಮೆ ವಾಹಕತೆ ತೋರಿಸಿತು. ಯಾವ ಪುಸ್ತಕಕ್ಕೂ ಹೊಂದದ ರಿಸಲ್ಟ್. ರಾತ್ರಿಯಿಡೀ ತಲೆಬಿಸಿ. ಮರುದಿನ ಸಾಂದ್ರತೆ ಲೆಕ್ಕ ಹಾಕಿದೆವು. ಪೆಲೆಟ್‌ನ ತೂಕ, ವ್ಯಾಸ, ದಪ್ಪ ಅಳೆದರೆ ಸಾಕು. ರಂಧ್ರ ಇಲ್ಲದ ವಸ್ತುವಿನ ಸಾಂದ್ರತೆ ಘನ ಸೆಂಟಿಮೀಟರ್‌ಗೆ ಸುಮಾರು 6.4 ಗ್ರಾಂ. 30 ಪರ್ಸೆಂಟ್‌ನ ಪೆಲೆಟ್‌ನಲ್ಲಿ ಮೂರನೇ ಒಂದು ಪಾಲು ಬರೇ ಗಾಳಿ! ಅದು ಬೇರೆಯವುಗಳಿಗಿಂತ ಕಡಿಮೆ ಗಟ್ಟಿಯಾಗಿತ್ತು. ರಂಧ್ರದಲ್ಲಿ ವಿದ್ಯುತ್ ಹರಿಯುವುದಿಲ್ಲ, ಕಣಗಳು ಒಂದಕ್ಕೊಂದು ತಾಗುವ ಕುತ್ತಿಗೆಯೂ ಸಣ್ಣ. 1300 ಡಿಗ್ರಿಯಲ್ಲಿ ನಾಲ್ಕನ್ನೂ ಮತ್ತೆ ಸಿಂಟರ್ ಮಾಡಿದ ಮೇಲೆ ಎಲ್ಲವೂ 90 ಪರ್ಸೆಂಟ್ ಆಸುಪಾಸಿಗೆ ಬಂದವು, ವಾಹಕತೆಯ ಕ್ರಮವೂ ಸರಿಯಾಯಿತು. ಆ ಪೆಲೆಟ್‌ಗಳನ್ನು ಅದೇ ಮಿಶ್ರಣದ ಪುಡಿಯ ಹಾಸಿನ ಮೇಲೆ ಇಟ್ಟು ಸುಡಿ, ಅಲ್ಯುಮಿನಾಗೆ ನೇರ ಅಂಟಿಸಬೇಡಿ. ಸಾಂದ್ರತೆ ಬರೆಯದ ವಾಹಕತೆಯ ಟೇಬಲ್ಲನ್ನು ನಾನಂತೂ ಇನ್ನು ನಂಬುವುದಿಲ್ಲ.

ಇನ್ನು ಅಳತೆ. ಎರಡು ತಂತಿ ಹಚ್ಚಿ ಮಲ್ಟಿಮೀಟರ್‌ನಿಂದ ನೋಡಿದರೆ ಸಿಗುವುದು ಹೆಚ್ಚಾಗಿ ಸಿಲ್ವರ್ ಪೇಸ್ಟ್ ಕಾಂಟ್ಯಾಕ್ಟ್‌ನ ರೋಧ. ಪೆಲೆಟ್‌ನಿಂದ ಕತ್ತರಿಸಿದ 3 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಪಟ್ಟಿಯ ಮೇಲೆ ವೋಲ್ಟೇಜ್ ತಂತಿಗಳ ನಡುವೆ 5 ಮಿಲಿಮೀಟರ್ ಇದ್ದರೆ, ಚೆನ್ನಾಗಿ ಡೋಪ್ ಆದ ಮ್ಯಾಂಗನೈಟ್‌ನ ರೋಧ ಒಂದು ಓಮ್‌ಗಿಂತಲೂ ಎಷ್ಟೋ ಕಡಿಮೆ. ಕಾಂಟ್ಯಾಕ್ಟ್ ಒಂದೇ ಕೆಲವು ಓಮ್. ಅದಕ್ಕೇ ನಾಲ್ಕು ತಂತಿ: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಒಂದು ಮಿಲಿಆಂಪಿಯರ್ ಕೊಟ್ಟರೆ ಸಿಗುವುದು ನೂರರ ಆಸುಪಾಸಿನ ಮೈಕ್ರೋವೋಲ್ಟ್. ತಂತಿಯ ಎರಡು ತುದಿಗಳ ನಡುವೆ ಸ್ವಲ್ಪ ಉಷ್ಣತೆ ವ್ಯತ್ಯಾಸ ಇದ್ದರೂ ಅದರಿಂದಲೇ ಹತ್ತಾರು ಮೈಕ್ರೋವೋಲ್ಟ್ ಹುಟ್ಟುತ್ತದೆ. ಪ್ರತಿ ಉಷ್ಣತೆಯಲ್ಲೂ ಕರೆಂಟ್ ದಿಕ್ಕು ತಿರುಗಿಸಿ ಎರಡು ಸಲ ಓದಿ. ಎರಡರ ವ್ಯತ್ಯಾಸದ ಅರ್ಧ ತೆಗೆದುಕೊಂಡರೆ ಆ ಕಳ್ಳ ವೋಲ್ಟೇಜ್ ಕಳೆದುಹೋಗುತ್ತದೆ.

500 ಡಿಗ್ರಿವರೆಗೆ ಹೋಗಬೇಕಿದ್ದ ಕಾರಣ ತಾಮ್ರದ ತಂತಿ ಆಗುವುದಿಲ್ಲ, ಆಕ್ಸೈಡ್ ಆಗಿ ಕಪ್ಪಾಗುತ್ತದೆ. ಪ್ಲಾಟಿನಂ ತಂತಿ ನಮ್ಮ ಬಜೆಟ್‌ಗೆ ಸಿಗುವಂಥದ್ದಲ್ಲ. ಬೆಳ್ಳಿ 961 ಡಿಗ್ರಿವರೆಗೆ ಕರಗುವುದಿಲ್ಲವಾದ್ದರಿಂದ ಬೆಳ್ಳಿ ತಂತಿ ಅಂತ ತೀರ್ಮಾನವಾಯಿತು. ಕೆಮಿಕಲ್ ಕಂಪನಿಯಿಂದ ತರಿಸಿದರೆ ಮತ್ತೆ ಫೈಲ್, ಮತ್ತೆ ತಿಂಗಳು. ಕಾರ್‌ಸ್ಟ್ರೀಟ್‌ನಲ್ಲಿ ಬೆಳ್ಳಿ ಕೆಲಸ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಆಭರಣದ ಬೆಳ್ಳಿಯಲ್ಲಿ ತಾಮ್ರ ಬೆರೆತಿರುತ್ತದೆ, ಅದು ಬೇಡ, ಶುದ್ಧ ಗಟ್ಟಿ ಬೆಳ್ಳಿಯನ್ನೇ ಎಳೆದು ಕೊಡಿ ಅಂದೆ. ಅವರು ಯಾಕೆ ಅಂತ ಕೇಳಿದರು. ಹೇಳಿದೆ. ಗಟ್ಟಿ ಬೆಳ್ಳಿಯ ಒಂದು ತುಣುಕನ್ನು ಕಾಯಿಸಿ, ತಂತಿ ಎಳೆಯುವ ಹಲಗೆಯ ತೂತುಗಳಲ್ಲಿ ಒಂದಕ್ಕಿಂತ ಒಂದು ಸಣ್ಣದರಲ್ಲಿ ಎಳೆಯುತ್ತಾ, ಮಧ್ಯೆ ಮಧ್ಯೆ ಮತ್ತೆ ಕಾಯಿಸುತ್ತಾ, ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ ಮಾಡಿಕೊಟ್ಟರು. ಬೆಳ್ಳಿಯ ಅಂದಿನ ದರ, ಮೇಲೆ ಸ್ವಲ್ಪ ಕೂಲಿ. ಇಡೀ ಪ್ರಾಜೆಕ್ಟ್‌ನಲ್ಲಿ ಒಂದೇ ದಿನದಲ್ಲಿ ಮುಗಿದ ಕೆಲಸ ಇದೊಂದೇ. ನನಗೆ ಅವರ ಮೇಲೆ ತುಂಬಾ ಗೌರವ ಬಂತು. ಬಿಲ್ ಬೇಕಾದರೆ ಮೊದಲೇ ಹೇಳಿ, ಅಕೌಂಟ್ಸ್‌ನಲ್ಲಿ ಆಭರಣ ಅಂತ ಓದಿ ತಡೆಹಿಡಿಯುತ್ತಾರೆ. ಬಿಲ್‌ನಲ್ಲಿ ಬೆಳ್ಳಿ ತಂತಿ, ಪ್ರಯೋಗಾಲಯ ಬಳಕೆಗೆ ಅಂತ ಬರೆಸಿಕೊಳ್ಳಿ.

ಗ್ರಾಫ್ ಬಂದ ದಿನ ಮರೆಯುವುದಿಲ್ಲ. ವಾಹಕತೆಯನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ, ಅದರ ನ್ಯಾಚುರಲ್ ಲಾಗ್ ತೆಗೆದು, ಸಾವಿರವನ್ನು ಉಷ್ಣತೆಯಿಂದ ಭಾಗಿಸಿದ್ದರ ಎದುರು ಹಾಕಬೇಕು. ಸ್ಟ್ರಾನ್ಷಿಯಂ ಇಲ್ಲದ್ದು ಮತ್ತು 10 ಪರ್ಸೆಂಟ್‌ನದ್ದು ಹೆಚ್ಚುಕಡಿಮೆ ನೇರ ಗೆರೆಯಾಗಿ ಬಂದವು. ಅಂದರೆ ಹೋಲ್ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿ ಹಾರಿ ಹೋಗುತ್ತಿದೆ, ಜೊತೆಗೆ ಸುತ್ತಲಿನ ಜಾಲರಿಯ ಬಾಗುವಿಕೆಯನ್ನೂ ಎಳೆದುಕೊಂಡು ಹೋಗುತ್ತಿದೆ. ಇದಕ್ಕೆ ಸ್ಮಾಲ್ ಪೋಲರಾನ್ ಅನ್ನುತ್ತಾರೆ. ಗೆರೆಯ ಇಳಿಜಾರನ್ನು 0.0862ರಿಂದ ಗುಣಿಸಿದರೆ ಹಾರಲು ಬೇಕಾದ ಶಕ್ತಿ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಸಿಗುತ್ತದೆ. ಡೋಪಿಂಗ್ ಜಾಸ್ತಿಯಾದಂತೆ ಅದು ಇಳಿಯಿತು. ಹೋಲ್‌ಗಳ ಸಂಖ್ಯೆ ಏರಿದ್ದಲ್ಲದೆ ಹಾರುವುದೂ ಸುಲಭವಾಯಿತು.

20 ಮತ್ತು 30 ಪರ್ಸೆಂಟ್‌ನವು ಕೋಣೆಯ ಉಷ್ಣತೆಯ ಹತ್ತಿರ ಬಾಗಿದವು. ಉಪಕರಣ ಕೆಟ್ಟಿತಾ ಅಂತ ಗಾಬರಿಯಾಗಬೇಡಿ. 20 ಪರ್ಸೆಂಟ್‌ನದ್ದಕ್ಕೆ ಸುಮಾರು 310 ಕೆಲ್ವಿನ್‌ನಲ್ಲಿ, ಅಂದರೆ 36-37 ಡಿಗ್ರಿಯಲ್ಲಿ, 30 ಪರ್ಸೆಂಟ್‌ನದ್ದಕ್ಕೆ ಸುಮಾರು 370 ಕೆಲ್ವಿನ್‌ನಲ್ಲಿ ಅಯಸ್ಕಾಂತತೆಯ ಬದಲಾವಣೆ ಇದೆ. ಅದಕ್ಕಿಂತ ಕೆಳಗೆ ಮ್ಯಾಂಗನೀಸ್‌ಗಳ ಸ್ಪಿನ್, ಅಂದರೆ ಒಂದೊಂದರ ಪುಟ್ಟ ಅಯಸ್ಕಾಂತ, ಒಂದೇ ದಿಕ್ಕಿಗೆ ನಿಲ್ಲುತ್ತದೆ, ಎಲೆಕ್ಟ್ರಾನ್ ಸಲೀಸಾಗಿ ಸಾಗುತ್ತದೆ. ಜೀನರ್ ಹೇಳಿದ್ದು ಇದನ್ನೇ. ಮ್ಯಾಗ್ನೆಟ್ ಮುಟ್ಟಿಸಿದರೆ 30 ಪರ್ಸೆಂಟ್‌ನ ಪೆಲೆಟ್ ಅಂಟಿಕೊಳ್ಳುತ್ತದೆ, ನೋಡಿ. ಈ ಬಾಗಿದ ಭಾಗದ ಮೇಲೆ ನೇರ ಗೆರೆ ಎಳೆದು ಶಕ್ತಿ ಲೆಕ್ಕ ಹಾಕಬಾರದು. ನನ್ನ 30 ಪರ್ಸೆಂಟ್‌ನ ತಿರುವು 370ಕ್ಕಿಂತ ಸ್ವಲ್ಪ ಕೆಳಗೆ ಬಂತು. ಪೆಲೆಟ್‌ನಲ್ಲಿ ಕಣಗಳ ನಡುವಿನ ಗಡಿಗಳು ಇರುವುದರಿಂದ ಹಾಗಾಗುತ್ತದೆ ಅಂತ ವಿವರಿಸಿ ಬರೆದೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಸುಮಾರು ಹೊತ್ತು ಒಂದೇ ಪ್ರಶ್ನೆಯ ಸುತ್ತ ನಿಂತರು. ಸ್ಟ್ರಾನ್ಷಿಯಂ ಬದಲು ಅಷ್ಟೇ ಕ್ಯಾಲ್ಸಿಯಂ ಹಾಕಿದ್ದರೆ? ಎರಡೂ 2+, ಹೋಲ್ ಅಷ್ಟೇ ಸಿಗುತ್ತದೆ. ಆದರೆ 12 ಆಕ್ಸಿಜನ್‌ಗಳ ನಡುವೆ ಕೂತಾಗ ಲ್ಯಾಂಥನಮ್‌ನ ತ್ರಿಜ್ಯ 1.36 ಆಂಗ್‌ಸ್ಟ್ರಮ್, ಸ್ಟ್ರಾನ್ಷಿಯಂ 1.44, ಕ್ಯಾಲ್ಸಿಯಂ 1.34. ಕ್ಯಾಲ್ಸಿಯಂ ಚಿಕ್ಕದಾದ್ದರಿಂದ ಮ್ಯಾಂಗನೀಸ್-ಆಕ್ಸಿಜನ್-ಮ್ಯಾಂಗನೀಸ್ ಕೋನ 180 ಡಿಗ್ರಿಯ ನೇರದಿಂದ ಇನ್ನಷ್ಟು ಬಾಗುತ್ತದೆ, ಎಲೆಕ್ಟ್ರಾನ್ ದಾಟುವುದು ಕಷ್ಟ, ತಿರುವು ಕೋಣೆಯ ಉಷ್ಣತೆಗಿಂತ ಕೆಳಗೆ ಹೋಗುತ್ತದೆ. ಎಷ್ಟು ಡೋಪ್ ಮಾಡಿದೆ ಅನ್ನುವಷ್ಟೇ ಯಾವುದರಿಂದ ಮಾಡಿದೆ ಅನ್ನುವುದೂ ಮುಖ್ಯ. ಇದನ್ನು ಹೇಳಿದಾಗ ಅವರ ಮುಖದಲ್ಲಿ ಸಮಾಧಾನ ಕಂಡಿತು, ನನಗೂ ಉಸಿರು ಬಂತು.

ಸಬ್‌ಮಿಷನ್‌ಗೆ ಪ್ಲೇಜರಿಸಂ ರಿಪೋರ್ಟ್, ಗೈಡ್ ಸರ್ಟಿಫಿಕೇಟ್, ಲ್ಯಾಬ್ ಮತ್ತು ಲೈಬ್ರರಿಯ ಬಾಕಿ ಇಲ್ಲದ ಪತ್ರ, ಬೈಂಡಿಂಗ್ ಪ್ರತಿಗಳು. ಬೈಂಡಿಂಗ್ ಕೊನೆಯ ವಾರಕ್ಕೆ ಇಡಬೇಡಿ, ಎಲ್ಲರೂ ಅದೇ ಅಂಗಡಿಗೆ ಬರುತ್ತಾರೆ, ಮಳೆಗೆ ಗೋಂದು ಒಣಗುವುದೂ ನಿಧಾನ. ಪೆಲೆಟ್‌ಗಳನ್ನು ಲೇಬಲ್ ಹಾಕಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ವೈವಾಗೆ ತೆಗೆದುಕೊಂಡು ಹೋಗಿ, ಕೇಳುತ್ತಾರೆ. ಇಟ್ಟ ಪೆಲೆಟ್ ಕೆಲವು ದಿನದಲ್ಲಿ ತಾನಾಗಿಯೇ ಬಿರಿದು ಪುಡಿಯಾದರೆ, ಒಳಗೆ ಬೆರೆಯದ ಲ್ಯಾಂಥನಮ್ ಆಕ್ಸೈಡ್ ಉಳಿದಿತ್ತು ಅಂತ ಅರ್ಥ. ಅದರ ವಾಹಕತೆಯ ಅಳತೆಯನ್ನು ಥೀಸಿಸ್‌ಗೆ ಸೇರಿಸುವ ಮೊದಲು ಆ ಮಿಶ್ರಣವನ್ನು ಇನ್ನೊಮ್ಮೆ ಅರೆದು ಸುಟ್ಟು ಅಳೆಯಿರಿ.